ಹಿತ್ತಲಿಗೆ ಸಿಹಿನೀರು

ಐಸಿನ ಐದನೆಯ ಬ್ಲಾಕನ್ನು ಹೊಸ್ತಿಲು ದಾಟಿಸುವಾಗ ಗುಡ್ಡನ ಕೈ ಜಾರಿತು. ಗೋಣಿಚೀಲ ಸುತ್ತಿದ್ದ ಬ್ಲಾಕು ಬಾಗಿಲ ಚೌಕಟ್ಟಿಗೆ ಬಡಿದು ಮೂಲೆ ಒಡೆಯಿತು. ಚೂರುಗಳು ಚಾವಡಿಯ ತುಂಬ ಚೆಲ್ಲಿದವು. ಇಪ್ಪತ್ತೆರಡು ವರ್ಷಗಳಿಂದ ಐಸ್ ಪ್ಲಾಂಟಿನಲ್ಲಿ ದುಡಿಯುವ ಗುಡ್ಡ ಬ್ಲಾಕು ಬೀಳಿಸಿದ್ದನ್ನು ಗಂಗೊಳ್ಳಿಯಲ್ಲಿ ಯಾರೂ ಕಂಡಿರಲಿಲ್ಲ. ಚೂರು ಆಯಲು ಬಗ್ಗಿದವನು ಅಲ್ಲೇ ಕುಕ್ಕರಿಸಿ ಕುಳಿತುಬಿಟ್ಟ.

"ಚೂರ್ ಬಿದ್ರೆ ಹೆಕ್ಕುಕೆ ಇಷ್ಟ್ ದಿನ ಅತ್ತಿಗೆ ಇದ್ರ್," ಎಂದು ಅವನು ಅಳತೊಡಗಿದ.

ಅತ್ತಿಗೆ ಅಂದರೆ ಅಕ್ಕು. ಬೆಳಿಗ್ಗೆ ಮೀನು ಮಾರಿ, ಸಂಜೆ ಐಸ್ ಪ್ಲಾಂಟಿನ ನೆಲ ಗುಡಿಸುತ್ತಿದ್ದ ಹೆಂಗಸು. ಈಗ ಚಾವಡಿಯ ನಡುವೆ, ನಾಲ್ಕು ಹಲಗೆ ಅಡ್ಡ ನಿಲ್ಲಿಸಿ ಟಾರ್ಪಾಲು ಹಾಸಿದ ತೊಟ್ಟಿಯಂಥ ಜಾಗದಲ್ಲಿ, ಐಸಿನ ಮೇಲೆ ಹಾಸಿದ ಚಾಪೆಯಲ್ಲಿ ಮಲಗಿದ್ದಳು. ನಿನ್ನೆ ಸಂಜೆ ಹಿತ್ತಲ ಕೆಲಸ ಮುಗಿಸಿ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಸೊಸೆಯನ್ನು ಚಹಾ ಕೇಳಿದ್ದಳು. ಚಹಾ ಬರುವಷ್ಟರಲ್ಲಿ ಬಾಗಿಲಿಗೆ ತಲೆ ಒರಗಿಸಿ ಹೋಗಿಬಿಟ್ಟಿದ್ದಳು. ವಯಸ್ಸು ಐವತ್ತೆಂಟು. ಅಷ್ಟು ಅವಸರದ ಹೆಂಗಸೇನೂ ಅಲ್ಲ. ಬೆಳಿಗ್ಗೆ ಬಸ್ಸು ತಪ್ಪಿದರೂ ಇನ್ನೊಂದು ಬರುತ್ತದೆ ಎಂದು ಬುಟ್ಟಿಯ ಪಕ್ಕ ಎಲೆ ಹಾಕಿಕೊಂಡು ಕೂರುತ್ತಿದ್ದವಳು.

ಮಗ ಶೈಲೇಶ್ ಐದು ದಿನದಿಂದ ಕಡಲಲ್ಲಿದ್ದ. ಬಂದರಿನಿಂದ ವೈರ್‌ಲೆಸ್ಸಿನಲ್ಲಿ ಹೇಳಿಸಿದ್ದರು. ಕಾರವಾರದ ಆಚೆ ಇದ್ದ ಬೋಟು ತಿರುಗಿದೆ, ಮಧ್ಯಾಹ್ನ ಮೂರು ಗಂಟೆಗೆ ಹೊಳೆಬಾಯಿಯ ಅಳಿವೆ ದಾಟಬಹುದು ಎಂದು ಉತ್ತರ ಬಂದಿತ್ತು. ಅಲ್ಲಿಯ ತನಕ ಏಪ್ರಿಲ್ ಬಿಸಿಲಿಗೆ ದೇಹ ಇಟ್ಟುಕೊಳ್ಳಬೇಕು. ಮೀನಿಗೆ ಇಡುವ ಐಸನ್ನು ಮನುಷ್ಯರಿಗೆ ಇಡುವುದು ಗಂಗೊಳ್ಳಿಗೆ ಹೊಸದಲ್ಲ. ಮಗನೋ ಗಂಡನೋ ನೀರಿನ ಮೇಲಿದ್ದರೆ ಬೇರೆ ದಾರಿಯಿಲ್ಲ. ಪ್ಲಾಂಟಿನ ಯಜಮಾನರು ಕೇಳುವ ಮೊದಲೇ ಐದು ಬ್ಲಾಕು ಕಳಿಸಿದ್ದರು.

ಗಂಡ ಸೂರ ತಲೆಯ ಬಳಿ ಗೋಡೆಗೆ ಒರಗಿ ಕುಳಿತಿದ್ದ. ಅವನ ಅಕ್ಕ ಪದ್ದು ಎಲ್ಲವನ್ನೂ ಕೈಗೆ ತೆಗೆದುಕೊಂಡಿದ್ದಳು. ಹಣೆಗೆ ಅರಸಿನ ಹಚ್ಚಿದವಳು ಅವಳೇ, ದೀಪ ಹಚ್ಚಿದವಳು ಅವಳೇ, ಒಲೆ ಹೊತ್ತಿಸಬಾರದು ಎಂದು ಸೊಸೆಗೆ ಹೇಳಿದವಳೂ ಅವಳೇ. ಸಾವಿನ ಮನೆಯ ಕಟ್ಟುಕಟ್ಟಳೆಯಲ್ಲಿ ಪದ್ದುವಿನದು ಎತ್ತಿದ ಕೈ. ನಡುನಡುವೆ ಅಕ್ಕುವಿನ ಕೆನ್ನೆ ಮುಟ್ಟಿ, ವಾರವಾರ ಬಸಳೆ ಕಳಿಸಿಕೊಡುತ್ತಿದ್ದೆಯಲ್ಲೇ ಎಂದು ದನಿ ತೆಗೆದು ಅಳುವಳು. ಮರುಗಳಿಗೆ ಕಣ್ಣೊರೆಸಿ, ಹೂವು ಯಾರು ತಂದರು ಎಂದು ವಿಚಾರಿಸುವಳು.

ಬಂದವರೆಲ್ಲ ಅಕ್ಕುವಿನ ಹಿತ್ತಲಿನ ಮಾತೇ ಆಡಿದರು. ಅವಳ ಬಗ್ಗೆ ಹೇಳಲು ಬೇರೆ ಏನಿದೆ? ಸಂಘದಲ್ಲಿ ಅಧ್ಯಕ್ಷೆಯಾಗಿರಲಿಲ್ಲ, ಯಾರ ಜೊತೆಗೂ ಕಾಲು ಕೆರೆದು ಜಗಳಕ್ಕೆ ಹೋದವಳಲ್ಲ. ಉಪ್ಪು ಮಳಲಿನಲ್ಲಿ ಬದನೆ ಬೆಳೆದಳು, ಅಷ್ಟೆ.

*

1997ರ ತನಕ ಆ ಹಿತ್ತಲು ಓಣಿಯವರೆಲ್ಲರ ಕಸದ ಗುಂಡಿ. ಹರಿದ ಬಲೆ, ತುಕ್ಕು ಹಿಡಿದ ಡೀಸೆಲ್ ಡ್ರಮ್ಮು, ಒಡೆದ ಥರ್ಮೋಕೋಲ್ ಪೆಟ್ಟಿಗೆ, ಹೆಂಚಿನ ಚೂರು, ಶೀಶೆ. ಮಧ್ಯೆ ನಾಲ್ಕು ನಾಯಿಗಳ ಸಂಸಾರ. ಸೂರ ಬೋಟಿನಿಂದ ಬಂದವನು ಹಿಂದಿನ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ಅಕ್ಕು ಆಗ ಹೆಮ್ಮಾಡಿ ಕಡೆಗೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ಒಂದು ಮನೆಯಲ್ಲಿ ಬೂತಾಯಿ ಕೊಟ್ಟು ನಾಲ್ಕು ದಂಟು ಬಸಳೆ ಕೇಳಿದಾಗ ಆ ಮನೆಯ ಹೆಂಗಸು ನಗುತ್ತಲೇ, ಗಂಗೊಳ್ಳಿಯಲ್ಲಿ ನೀವು ಉಪ್ಪು ಬಿಟ್ಟು ಮತ್ತೇನು ಬೆಳೆಯುತ್ತೀರಿ ಎಂದಳಂತೆ. ಹೇಳಿದವಳು ಅಲ್ಲೇ ಮರೆತಿರಬೇಕು. ಅಕ್ಕು ಮರೆಯಲಿಲ್ಲ. ಅದೇ ಬಸಳೆಯ ಬುಡದ ಎರಡು ತುಂಡನ್ನು ಸಾರಿಗೆ ಹಾಕದೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು.

ಕಸ ಎತ್ತುವುದಕ್ಕೇ ಒಂದು ಬೇಸಿಗೆ ಹೋಯಿತು. ಆಮೇಲೆ ಮಣ್ಣು. ಮೀನು ಖಾಲಿಯಾದ ಬುಟ್ಟಿಯಲ್ಲಿ ದಿನಕ್ಕೊಂದು ಬುಟ್ಟಿ ಮಣ್ಣು ತಂದಳು. ಗದ್ದೆಯ ಅಂಚಿನದ್ದು, ಯಾರೋ ಮನೆ ಕಟ್ಟಲು ಅಗೆದು ಹಾಕಿದ್ದು, ದನದ ಹಟ್ಟಿಯ ಹಿಂದಿನ ಗೊಬ್ಬರ, ಕೇಳಿ ಕೇಳಿ ತಂದಳು. ಬಸ್ಸಿನ ಕಂಡಕ್ಟರು ಮೀನಿಗೆ ಏನೂ ಹೇಳದವನು ಮಣ್ಣಿಗೆ ಲಗೇಜು ಕೇಳಿದ. ಮೀನು ನಾರುತ್ತದೆ, ಇದು ನಾರುವುದೂ ಇಲ್ಲವಲ್ಲ ಎಂದು ಅಕ್ಕು ವಾದಕ್ಕೆ ನಿಂತಳು. ಅವಳ ತೋಟಕ್ಕೆ ಆದ ಖರ್ಚು ಅಂದರೆ ಆ ಲಗೇಜಿನ ಚೀಟಿ ಮಾತ್ರ. ಒಡೆದ ಥರ್ಮೋಕೋಲ್ ಪೆಟ್ಟಿಗೆಗಳೇ ಕುಂಡಗಳಾದವು. ಹರಿದ ಬಲೆಯೇ ಬಸಳೆಗೆ ಚಪ್ಪರವಾಯಿತು. ಮೀನು ಕೊಯ್ದ ಕಸ ಬದನೆಯ ಬುಡಕ್ಕೆ ಹೋಯಿತು. ನಾಯಿಗಳು ಒಂದು ತಿಂಗಳು ಪ್ರತಿಭಟಿಸಿ ಬೇರೆ ಓಣಿಗೆ ಹೋದವು.

ಸೂರ ಮಾತ್ರ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಬಲೆ ಹೆಣೆಯುತ್ತ ತಮಾಷೆ ಮಾಡಿದ. ಒಂದು ಕೈ ಆಡಿಸಲಿಲ್ಲ. ಕಡಲಿನವನಿಗೆ ನೆಲದ ಕೆಲಸ ಯಾಕೆ ಎಂಬ ಅಹಂಕಾರ ಅವನದ್ದು.

*

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸೂರ ಮುಖ ತೊಳೆಯಲು ಎದ್ದು ಹಿಂದಕ್ಕೆ ಹೋದ. ಮೆಟ್ಟಿಲಿಳಿದವನು ಅಲ್ಲೇ ನಿಂತ. ಹಿತ್ತಲಿನ ಮಣ್ಣೆಲ್ಲ ಕಪ್ಪಗೆ ಒದ್ದೆಯಾಗಿತ್ತು. ಬಸಳೆಯ ಬುಡ, ಬದನೆಯ ಸಾಲು, ನಿನ್ನೆ ಮೊನ್ನೆ ನೆಟ್ಟ ಹರಿವೆಯ ಮಡಿ, ಅಲಸಂಡೆಯ ಪೆಟ್ಟಿಗೆಗಳು, ಒಂದನ್ನೂ ಬಿಡದೆ ಯಾರೋ ಧಾರಾಳವಾಗಿ ನೀರು ಹೊಯ್ದಿದ್ದರು. ಬಾವಿಕಟ್ಟೆಯ ಮೇಲೆ ಕೊಡಪಾನ ಮಗುಚಿಟ್ಟಿತ್ತು. ಹಗ್ಗ ಇನ್ನೂ ಒದ್ದೆಯಿತ್ತು.

ಅವನು ಬದನೆ ಎಲೆಯ ಮೇಲಿದ್ದ ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ನಾಲಗೆಗೆ ಮುಟ್ಟಿಸಿದ. ಉಪ್ಪು.

ಯಾರೆಂದು ಕೇಳಬೇಕಾಗಿರಲಿಲ್ಲ. ಸೊಸೆ ಶ್ರೀಲತಾ ಬ್ರಹ್ಮಾವರದ ಒಳಗಿನ ಊರಿನವಳು. ಅಲ್ಲಿಯ ಬಾವಿಗಳು ವರ್ಷವಿಡೀ ಸಿಹಿ. ಕಳೆದ ಮಳೆಗಾಲಕ್ಕೆ ಮೊದಲು ಮದುವೆಯಾಗಿ ಬಂದವಳು, ದೀಪಾವಳಿ ಕಳೆದು ಅತ್ತೆ ಇದೇ ಬಾವಿಯಿಂದ ಗಿಡಕ್ಕೆ ನೀರು ಹಾಕುವುದನ್ನು ಕಂಡಿದ್ದಳು. ಆಮೇಲೆ ಬಾಣಂತನಕ್ಕೆ ತವರಿಗೆ ಹೋಗಿ ಮಗುವಿನೊಂದಿಗೆ ಹಿಂದಿರುಗಿ ಇನ್ನೂ ಹತ್ತು ದಿನವಾಗಿಲ್ಲ. ಈ ಹತ್ತು ದಿನ ಮಗುವನ್ನು ಬಿಟ್ಟು ಹಿತ್ತಲಿಗೆ ಇಳಿದಿರಲಿಲ್ಲ. ಬೇಸಿಗೆ ಏರುತ್ತಿದ್ದಂತೆ ಹೊಳೆಯ ಉಪ್ಪು ಬಾವಿಗೆ ಏರುತ್ತದೆ ಎಂದು ಅವಳಿಗೆ ಹೇಳಿದವರಿಲ್ಲ. ಒಲೆ ಹೊತ್ತಿಸುವ ಹಾಗಿಲ್ಲ, ಎದುರಿಗೆ ಅತ್ತೆಯನ್ನು ನೋಡುತ್ತ ಕೂರಲೂ ಆಗದೆ, ಅತ್ತೆಯ ಗಿಡ ಬಾಡಿದ್ದನ್ನು ಕಂಡು ಇಪ್ಪತ್ತು ಕೊಡಪಾನ ಸೇದಿ ಹಾಕಿದ್ದಾಳೆ. ಇಡೀ ಮನೆಯಲ್ಲಿ ಬೆಳಗಿನಿಂದ ಅಕ್ಕುವಿಗೆ ಬೇಕಾದ ಕೆಲಸ ಮಾಡಿದವಳು ಅವಳೊಬ್ಬಳೇ. ಆ ಕೆಲಸವೇ ತೋಟವನ್ನು ಕೊಲ್ಲುತ್ತದೆ.

ಸೂರನಿಗೆ ಅದು ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಇದೇ ತಪ್ಪನ್ನು ಹಿಂದೊಮ್ಮೆ ಅವನೇ ಮಾಡಿದ್ದ.

*

ಅದು 1999ರ ಬೇಸಿಗೆ, ತೋಟಕ್ಕೆ ಮೊದಲ ಬೇಸಿಗೆ. ಅಕ್ಕು ಮೂರು ದಿನಕ್ಕೆಂದು ತೆಕ್ಕಟ್ಟೆಯ ತಂಗಿಯ ಮನೆಗೆ ಹೋಗುವಾಗ ಹರಿವೆಗೆ ನೀರು ಹಾಕಬೇಕೆಂದು ಅವನಿಗೆ ಮೂರು ಸಲ ಹೇಳಿಹೋಗಿದ್ದಳು. ಮಡಿ ತುಂಬ ಕೆಂಪು ಹರಿವೆ ಎದ್ದು ನಿಂತಿತ್ತು. ಸೂರನಿಗೂ ಏನು ಹುಕಿ ಬಂತೋ, ಗಿಡಕ್ಕೆ ಉಪ್ಪೇನು ಸಿಹಿಯೇನು ಎಂದು ಬಾವಿಯಿಂದಲೇ ಬೆಳಿಗ್ಗೆ ಹತ್ತು ಕೊಡ, ಸಂಜೆ ಹತ್ತು ಕೊಡ ಹೊಯ್ದ. ಎರಡನೆಯ ದಿನವೇ ಎಲೆಯ ಅಂಚು ಕಂದತೊಡಗಿತು. ಬಾಯಾರಿಕೆ ಇರಬೇಕೆಂದು ಇನ್ನೂ ಹೊಯ್ದ. ಮೂರನೆಯ ದಿನ ಅಕ್ಕು ಬರುವಾಗ ಮಡಿಯಲ್ಲಿ ಒಣಕಡ್ಡಿಗಳಿದ್ದವು, ಬಿಸಿಲಿಗೆ ಮಣ್ಣಿನ ಮೇಲೆ ಬೆಳ್ಳಗೆ ಪೊರೆ ಕಟ್ಟಿತ್ತು.

ಅವಳು ಚಿಟಿಕೆ ಮಣ್ಣು ನಾಲಗೆಗೆ ಹಾಕಿ ನೋಡಿ ಉಗಿದಳು. ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದಳು. ಮರುದಿನ ಬಂದರಿನಲ್ಲಿ ನೂರು ಜನರ ಎದುರು, "ನಮ್ಮನಿಯವ್ರ್ ಹರಿವಿಗೂ ಉಪ್ಪ್ ಹಾಕಿ ಒಣ್ಸಿರ್, ಬೇಕಿದ್ರೆ ತಕಂಡ್ ಹೋಯ್ನಿ," ಎಂದು ಹೇಳಿ ನಗಿಸಿದಳು. ಆ ಮಾತು ಸೂರನ ಬೆನ್ನು ಬಿಡಲು ಎರಡು ಮಳೆಗಾಲ ಬೇಕಾಯಿತು.

ಅದೇ ವಾರ ಅವಳು ಐಸ್ ಪ್ಲಾಂಟಿನ ಹಿಂದೆ ಒಂದು ವಿಷಯ ಕಂಡಳು. ಬ್ಲಾಕು ಪುಡಿ ಮಾಡುವ ಕ್ರಷರಿನ ಸುತ್ತ ಬಿದ್ದ ಚೂರನ್ನು ಗುಡಿಸಿ ದಿನವೂ ಗೋಡೆಯ ಆಚೆ ಎಸೆಯುತ್ತಿದ್ದವಳು ಅವಳೇ. ಊರಿಗೆ ಊರೇ ಒಣಗಿದ್ದರೂ ಆ ಗೋಡೆಯ ಬುಡದಲ್ಲಿ ಮೊಣಕಾಲೆತ್ತರ ಹಸಿ ಹುಲ್ಲು. ಐಸು ಕಡಲ ಮೀನಿಗಾದರೂ ಮಾಡುವುದು ಸಿಹಿನೀರಿನಿಂದ. ಅಂದಿನಿಂದ ಚೂರು ಗೋಡೆಯ ಆಚೆ ಹೋಗಲಿಲ್ಲ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಮನೆಗೆ ಬಂತು. ಗಿಡದ ಬದಿಯಲ್ಲಿಟ್ಟು ತೆಂಗಿನ ಸಿಪ್ಪೆ ಮುಚ್ಚಿದರೆ ರಾತ್ರಿಯಿಡೀ ಹನಿಹನಿಯಾಗಿ ಮಣ್ಣಿಗಿಳಿಯುತ್ತಿತ್ತು. ಅಕ್ಕುವಿನ ಬದನೆಗೆ ಏಸಿ ಇದೆ ಎಂದು ಬೋಟಿನವರು ಗೇಲಿ ಮಾಡಿದರು. ಹತ್ತು ಬೇಸಿಗೆ, ಭಾನುವಾರವೂ ಬಿಡದೆ, ಅವಳು ಹೊತ್ತಳು. ಸೂರ ಮೆಟ್ಟಿಲ ಮೇಲೆ ಕುಳಿತು ನೋಡಿದ.

*

ಬಿಸಿಲು ಮಣ್ಣಿನ ನೀರನ್ನು ಹೀರಿದ ಮೇಲೆ ಉಪ್ಪು ಬೇರಿನಲ್ಲೇ ಉಳಿಯುತ್ತದೆ. ಅದಕ್ಕೆ ಮೊದಲು, ಇವತ್ತೇ, ಸಿಹಿನೀರು ಕೊಟ್ಟು ಉಪ್ಪನ್ನು ಕೆಳಕ್ಕೆ ಇಳಿಸಬೇಕು. ಪಂಚಾಯತಿನ ನಳ್ಳಿನೀರು ನಿನ್ನೆ ಬಂದಾಗಿತ್ತು, ಇನ್ನು ನಾಳೆಯೇ. ಮನೆಯ ಎರಡು ಡ್ರಮ್ಮು ಬಂದವರಿಗೆ ಕುಡಿಯಲು, ಕೈಕಾಲು ತೊಳೆಯಲು ಕೊಟ್ಟು ತಳ ಕಂಡಿದ್ದವು. ಸೂರ ಒಂದೊಂದನ್ನೂ ಬಗ್ಗಿ ನೋಡಿ ಬಂದ. ಹೆಂಡತಿ ಸತ್ತವನು ಡ್ರಮ್ಮು ಬಗ್ಗಿ ನೋಡುವುದನ್ನು ಕಂಡ ನೆಂಟರು, ಪಾಪ, ತಲೆ ನಿಲ್ಲುತ್ತಿಲ್ಲ ಎಂದುಕೊಂಡರು.

ಅವನು ಗುಡ್ಡನನ್ನು ಬದಿಗೆ ಕರೆದು ಕೇಳಿದ. "ಎರಡ್ ಪೆಟ್ಗಿ ಪುಡಿ ಐಸ್ ಸಿಕ್ಕುದಾ?"

"ಇವತ್ತ್ ಕ್ರಷರ್ ಬಂದ್, ಸೂರಣ್ಣ. ಅತ್ತಿಗೆ ಹೋದ್ರಂದೇಳಿ ಎಲ್ಲರೂ ಇಲ್ಲೇ ಬಂದಿದ್ರ್. ಎಂತಕೆ, ಇದ್ ಸಾಕಾತಿಲ್ಯಾ?"

ಬ್ಲಾಕುಗಳನ್ನು ಬೆಳಗ್ಗೆಯೇ ಬೋಟುಗಳಿಗೆ ತುಂಬಿಸಿ ಪ್ಲಾಂಟಿಗೆ ಬೀಗ ಹಾಕಿದ್ದರು. ಅಕ್ಕುವಿಗೆ ಮರ್ಯಾದೆ ಎಂದು ಮಾಡಿದ್ದು. ಗುಡ್ಡ ದೇಹಕ್ಕೆ ಐಸು ಸಾಲದೆ ಹೋಯಿತೋ ಎಂದು ಗಾಬರಿಯಿಂದ ನೋಡುತ್ತಿದ್ದ. ಹೆಂಡತಿಯನ್ನು ಚಾವಡಿಯಲ್ಲಿ ಮಲಗಿಸಿ ಬದನೆ ಗಿಡಕ್ಕೆ ಐಸು ಕೇಳುವುದು ಹೇಗೆ? ಸೂರ ಸಾಕು ಎಂದು ತಲೆಯಾಡಿಸಿ ಮತ್ತೆ ಅವಳ ತಲೆಯ ಬಳಿ ಹೋಗಿ ಕುಳಿತ.

ಅಲ್ಲಿ ಕುಳಿತಾಗಲೇ ಅವನಿಗೆ ನಿಜವಾದ ಅಳು ಬಂದದ್ದು. ನಿನ್ನೆಯಿಂದ ಅವಳು ಸತ್ತದ್ದು ಒಂದು ಸುದ್ದಿಯ ಹಾಗಿತ್ತು, ಹತ್ತು ಜನರಿಗೆ ಹೇಳಿ ಮುಗಿಸುವ ಸುದ್ದಿ. ನಾಡಿದ್ದು ಹಿಂದಿನ ಬಾಗಿಲು ತೆರೆದರೆ ಆ ಹರಿವೆಯ ಮಡಿ ಮತ್ತೆ ಕಡ್ಡಿಯಾಗಿರುತ್ತದೆ, ಬಲೆಯ ಮೇಲೆ ಬಸಳೆ ನೇತಾಡಿಕೊಂಡಿರುತ್ತದೆ, ಮಳೆ ಬರುವಷ್ಟರಲ್ಲಿ ಯಾರೋ ಒಬ್ಬರು ಒಡೆದ ಪೆಟ್ಟಿಗೆ ತಂದು ಅಲ್ಲಿ ಎಸೆಯುತ್ತಾರೆ. ಅವಳು ಹೋಗಲಿ, ಹೋಗಬೇಕಾದ್ದು ಅವಳ ಹಣೆಬರಹ. ಅವಳು ಮಾಡಿದ್ದೂ ಅವಳ ಜೊತೆಗೇ ಹೋಗುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

ಟಾರ್ಪಾಲಿನ ಮೂಲೆಯಿಂದ ಬಕೇಟಿಗೆ ನೀರು ತೊಟ್ಟಿಕ್ಕುತ್ತಿತ್ತು. ತುಂಬಿದಾಗಲೆಲ್ಲ ಯಾರೋ ಹೆಂಗಸು ಮೂಗಿಗೆ ಸೆರಗು ಹಿಡಿದು ಅದನ್ನು ಓಣಿಯ ಚರಂಡಿಗೆ ಚೆಲ್ಲಿ ಬರುತ್ತಿದ್ದಳು. ಸೂರ ಆ ಬಕೇಟನ್ನು ನೋಡಿದ, ಕಣ್ಣು ಬೇರೆಡೆ ತಿರುಗಿಸಿದ, ಮತ್ತೆ ನೋಡಿದ. ತಾನು ಯೋಚಿಸುತ್ತಿರುವುದು ಸರಿಯಲ್ಲ ಎಂದು ಅವನಿಗೂ ತಿಳಿಯುತ್ತಿತ್ತು.

ಮೂರೂವರೆಗೆ ಶೈಲೇಶ್ ಬಂದ. ಮೈಯಲ್ಲಿ ಇನ್ನೂ ಮೀನಿನ ವಾಸನೆ, ಕಾಲಲ್ಲಿ ಬೋಟಿನ ಗಂಬೂಟು. ಬಾಗಿಲಲ್ಲೇ ಅದನ್ನು ಕಳಚಲು ಹೋಗಿ ಆಗದೆ, ಹಾಗೆಯೇ ತಾಯಿಯ ಕಾಲ ಬಳಿ ಬಿದ್ದುಕೊಂಡ. ಗುಡ್ಡ ಕುಳಿತು ಅವನ ಗಂಬೂಟು ಎಳೆದು ತೆಗೆದ. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಐಸಿನ ಮೇಲೆಯೇ ಅರಸಿನ ನೀರಿನಲ್ಲಿ ಮೀಯಿಸಿದರು, ಹೊಸ ಸೀರೆ ಹೊದಿಸಿದರು, ಬಾಯಿಗೆ ನೀರು ಬಿಟ್ಟರು, ನಾಲ್ವರು ಎತ್ತಿದರು.

ಸ್ಮಶಾನ ಹೊಳೆಬದಿಯಲ್ಲಿ, ಹತ್ತು ನಿಮಿಷದ ದಾರಿ. ಸೂರ ಚಟ್ಟದ ಹಿಂದೆ ಓಣಿಯ ಕೊನೆಯವರೆಗೆ ನಡೆದ. ಓಣಿ ರಸ್ತೆಗೆ ಸೇರುವಲ್ಲಿ ನಿಂತುಬಿಟ್ಟ. ಪದ್ದು ಈಗ ಚಾವಡಿ ತೊಳೆಸುತ್ತಿರುತ್ತಾಳೆ. ದೇಹ ಹೊರಟ ಮೇಲೆ ಮನೆ ತೊಳೆಯಬೇಕು, ತೊಳೆಯುವ ಮೊದಲು ಐಸು ಹೊರಗೆ ಹಾಕಬೇಕು. ಅವನು ಹಿಂದಿರುಗಿ ಬರುವಷ್ಟರಲ್ಲಿ ಒಂದು ಚೂರೂ ಇರುವುದಿಲ್ಲ.

"ನೀವ್ ಹೋಯ್ನಿ," ಎಂದ ಮಗನಿಗೆ. "ನಾನ್ ಮನೀಗ್ ಹೋತೆ."

ಶೈಲೇಶ್ ತಿರುಗಿ ನೋಡಿದ. ಅಪ್ಪನಿಗೆ ಕಾಲು ಬರುತ್ತಿಲ್ಲ ಎಂದೇ ಅವನೂ ತಿಳಿದ. ಯಾರೋ ಇಬ್ಬರು ತೋಳು ಹಿಡಿಯಲು ಬಂದರೆ ಸೂರ ಬೇಡವೆಂದ. ಅವಳನ್ನು ಕಳಿಸಲು ಮಗನಿದ್ದ, ಊರಿಗೆ ಊರೇ ಇತ್ತು. ಚಟ್ಟ ರಸ್ತೆ ದಾಟಿ ತೆಂಗಿನ ಮರಗಳ ಹಿಂದೆ ಮರೆಯಾಗುವ ತನಕ ನಿಂತು, ಮೂವತ್ತೇಳು ವರ್ಷದ ಸಂಸಾರಕ್ಕೆ ಅಲ್ಲಿಂದಲೇ ಕೈ ಮುಗಿದು, ಅವನು ಅವಸರವಾಗಿ ಮನೆಯ ಕಡೆ ನಡೆದ.

ಎರಡು ಬ್ಲಾಕಿನ ಉಳಿಕೆ ಆಗಲೇ ಚರಂಡಿ ಸೇರಿತ್ತು. ಮೂರನೆಯದನ್ನು ಇಬ್ಬರು ಹೆಂಗಸರು ಗೋಣಿಯಲ್ಲಿ ಎಳೆಯುತ್ತಿದ್ದರು. ಸೂರ ಬಾಗಿಲಿಗೆ ಅಡ್ಡ ನಿಂತು, ಬಿಡಿ, ಅದು ಹಿತ್ತಲಿಗೆ ಬೇಕು ಎಂದ. ಹೆಂಗಸರು ಪದ್ದುವಿನ ಮುಖ ನೋಡಿದರು. ಪದ್ದುವಿನ ಕೈಯಲ್ಲಿ ಗುಡಿಸುತ್ತಿದ್ದ ಹಿಡಿಸೂಡಿ ಹಾಗೆಯೇ ನಿಂತಿತು. ಸ್ಮಶಾನಕ್ಕೆ ಹೋಗಬೇಕಾದವನು ಇಲ್ಲಿ ಯಾಕೆ ಎಂದು ಕೇಳುವುದೂ ಅವಳಿಗೆ ಮರೆತುಹೋಯಿತು.

"ಹೆಣದ ಅಡಿಗಿದ್ದ ಐಸ್ ತಿಂಬ ಗಿಡಕ್ಕ್ ಹಾಕ್ತ್ಯಾ, ಸೂರ? ನಾಳೆ ಆ ಬಸಳಿ ಯಾರ್ ತಿಂತ್ರ್?"

"ನಾನ್ ತಿಂತೆ," ಎಂದ ಸೂರ.

ಅವನು ಗೋಣಿಯ ತುದಿ ಹಿಡಿದು ಎಳೆದ. ಅರವತ್ತು ದಾಟಿದವನು, ಬೆಳಗಿನಿಂದ ಏನೂ ತಿಂದಿಲ್ಲ. ಅಡುಗೆಮನೆ ದಾಟಿ ಹಿಂದಿನ ಬಾಗಿಲ ತನಕ ಒಬ್ಬನೇ ಎಳೆದ. ಮೆಟ್ಟಿಲ ಮೇಲೆ ಉರುಳಿಸಿ, ಬಾವಿಕಟ್ಟೆಯ ಕಲ್ಲು ತಂದು ಬ್ಲಾಕನ್ನು ಒಡೆದ. ನಂತರ ಹೋಗಿ ನಾಲ್ಕನೆಯದನ್ನು, ಐದನೆಯದನ್ನು ತಂದ. ಹೆಂಗಸರು ದಾರಿ ಬಿಟ್ಟರು. ಪದ್ದು ತಮ್ಮನ ಮುಖ ನೋಡಿದಳು. ನೆಲ ಗುಡಿಸುವುದನ್ನು ಬಿಟ್ಟು ಗೋಡೆಯ ಕಡೆ ತಿರುಗಿ ಕುಳಿತಳು.

ಹರಿವೆಯ ಮಡಿಯ ಎದುರು ಸೂರ ಮಂಡಿಯೂರಿದ. ಈ ಕೆಲಸವನ್ನು ಅವನು ಒಂದು ದಿನವೂ ಮಾಡಿರಲಿಲ್ಲ. ಆದರೆ ಬುಡಕ್ಕೆ ತಾಗಿಸಿ ಇಟ್ಟರೆ ಚಳಿಗೆ ದಂಟು ಕೊಳೆಯುತ್ತದೆ ಎಂದೂ, ಒಂದು ಗೇಣು ಬಿಟ್ಟು ಇಡಬೇಕೆಂದೂ, ದೊಡ್ಡ ಚೂರು ಬಸಳೆಗೆ, ಸಣ್ಣದು ಹರಿವೆಗೆ ಎಂದೂ ಅವನಿಗೆ ಗೊತ್ತಿತ್ತು. ಹತ್ತು ಬೇಸಿಗೆ ಮೆಟ್ಟಿಲ ಮೇಲೆ ಕುಳಿತು ಬಲೆ ಹೆಣೆಯುವಾಗ, ತಮಾಷೆ ಮಾಡುವಾಗ, ಅವನ ಕಣ್ಣು ಅವಳ ಕೈಯ ಮೇಲೆಯೇ ಇತ್ತು ಎಂದು ಈಗ ತಿಳಿಯಿತು. ಅದನ್ನು ಅವಳಿಗೆ ಹೇಳಬಹುದಿತ್ತು.

ಹಿಂದೆ ಬಳೆಯ ಸದ್ದಾಯಿತು. ಶ್ರೀಲತಾ ಮೆಟ್ಟಿಲ ಬಳಿ ನಿಂತಿದ್ದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಮಾವ, ನಾನ್ ಬೆಳಿಗ್ಗೆ ನೀರ್ ಹಾಕಿದ್ದೆ," ಎಂದಳು. "ಎಲ್ಲದಕ್ಕೂ ಹಾಕಿದ್ದೆ."

ಸೂರ ತಲೆಯೆತ್ತಿ ಅವಳನ್ನು ನೋಡಿದ. ಈ ಹಿತ್ತಲಿಗೆ ಇನ್ನು ಯಾರಾದರೂ ಇಳಿಯುವುದಿದ್ದರೆ ಅದು ಇವಳೇ. ಇವತ್ತು ಒಂದು ಮಾತು ಹೇಳಿದರೆ ಇನ್ನು ಜನ್ಮದಲ್ಲಿ ಕೊಡಪಾನ ಮುಟ್ಟಲಿಕ್ಕಿಲ್ಲ.

"ಕಂಡಿದೆ ಮಗಾ," ಎಂದ. "ಸಾಕಾಯ್ಲಿಲ್ಲ, ಅಷ್ಟೆ. ಇನ್ನ್ ಚೂರ್ ಬೇಕ್."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿಳಿದಳು. ಒಡೆದ ಚೂರುಗಳನ್ನು ಪೆಟ್ಟಿಗೆಗೆ ತುಂಬಿ ಅವನ ಪಕ್ಕಕ್ಕೆ ತಂದಿಟ್ಟಳು. ಕೆಲವು ಚೂರುಗಳಿಗೆ ಅರಸಿನ ಹತ್ತಿತ್ತು. ಇಬ್ಬರೂ ಅದನ್ನು ನೋಡಿದರು.

ಹೊಳೆಯ ಕಡೆಯಿಂದ, ತೆಂಗಿನ ಮರಗಳ ಮೇಲೆ ಹೊಗೆ ಏಳತೊಡಗಿತು. ಸೊಸೆ ಅದನ್ನು ಕಂಡು ಕೈ ಜೋಡಿಸಿದಳು. ಸೂರ ತಿರುಗಲಿಲ್ಲ. ಎಡಗೈಯಲ್ಲಿ ಹಳದಿ ಹತ್ತಿದ ಐಸಿನ ಚೂರು ಹಿಡಿದು, ಬಲಗೈಯ ಹೆಬ್ಬೆರಳನ್ನು ಬದನೆಯ ಬುಡಕ್ಕೆ ಇಟ್ಟು, ಕಿರುಬೆರಳನ್ನು ಒದ್ದೆ ಮಣ್ಣಿನ ಮೇಲೆ ಎಷ್ಟು ಚಾಚಲು ಆಗುತ್ತದೋ ಅಷ್ಟು ಚಾಚಿ ಗೇಣು ಅಳೆಯುತ್ತಿದ್ದ.